42 ಓಡಿದವರಿಗೆ 21 ಯಾವ ಲೆಕ್ಕ? ಮ್ಯಾರಥಾನ್ ಮುಗಿದ ಕೆಲವೇ ವಾರದಲ್ಲಿ ಹಾಫ್ ಮ್ಯಾರಥಾನ್ ಓಡಬಹುದೇ?

ಮುಂಬೈ ಮ್ಯಾರಥಾನ್ ಸಾಮಾನ್ಯವಾಗಿ ಜನವರಿಯ ಮೂರನೇ ಭಾನುವಾರ ನಡೆಯುತ್ತದೆ. ಕರ್ನಾಟಕದಿಂದಲೂ ಪ್ರತಿ ವರ್ಷ ಸಾಕಷ್ಟು ಮಂದಿ ಅಲ್ಲಿಗೆ ಹೋಗಿ, 42.195 ಕಿ.ಮೀ. ಓಡಿ, ಕೊರಳಿಗೆ ಪದಕ ಹಾಕಿಕೊಂಡು, ಕುಂಟುತ್ತಾ ಊರಿಗೆ ಮರಳುತ್ತಾರೆ. ಬಂದು ಎರಡು ಮೂರು ವಾರ ಕಳೆಯುವಷ್ಟರಲ್ಲಿ ತಮ್ಮೂರಿನಲ್ಲೋ ಪಕ್ಕದ ಜಿಲ್ಲೆಯಲ್ಲೋ ಒಂದು ಹಾಫ್ ಮ್ಯಾರಥಾನ್ ಎದುರಾಗುತ್ತದೆ. ಹೆಸರು ಕೊಟ್ಟಾಗಿದೆ, ಹಣ ಕಟ್ಟಾಗಿದೆ, ಗೆಳೆಯರೆಲ್ಲ ಓಡುತ್ತಿದ್ದಾರೆ. ಓಡುವುದೋ ಬಿಡುವುದೋ?

ಓಟಗಾರರ ವಾಟ್ಸ್ಆ್ಯಪ್ ಗುಂಪಿನಲ್ಲಿ ಈ ಪ್ರಶ್ನೆ ಹಾಕಿ ನೋಡಿ. ಹತ್ತು ನಿಮಿಷದಲ್ಲಿ ಇಪ್ಪತ್ತು ಉತ್ತರ ಬರುತ್ತವೆ. ‘42 ಓಡಿದವನಿಗೆ 21 ಯಾವ ಲೆಕ್ಕ?’ ಎನ್ನುವವರು ಒಬ್ಬರು. ‘ಓಡಿದರೇನೇ ಲ್ಯಾಕ್ಟಿಕ್ ಆ್ಯಸಿಡ್ ಹೊರಹೋಗುವುದು’ ಎನ್ನುವವರು ಇನ್ನೊಬ್ಬರು. ‘ಹೊರಡುವ ಮುಂಚೆ ಒಂದು ನೋವಿನ ಮಾತ್ರೆ ನುಂಗಿ ಸಾಕು’ ಎಂಬ ಸಲಹೆಯೂ ಬರುತ್ತದೆ. ‘ಮ್ಯಾರಥಾನ್ ಓಡಿದರೆ ಹೃದಯ ಶಾಶ್ವತವಾಗಿ ಹಾಳು’ ಎಂದು ಹೆದರಿಸುವ ವಿಡಿಯೊ ಕೂಡ ಅದೇ ಗುಂಪಿಗೆ ಬಂದು ಬೀಳುತ್ತದೆ. ಇವುಗಳಲ್ಲಿ ಯಾವುದು ನಿಜ, ಯಾವುದು ಸುಳ್ಳು? ಒಂದೊಂದಾಗಿ ನೋಡೋಣ.

ಚುಟುಕು ಉತ್ತರ

ಮ್ಯಾರಥಾನ್ ಆದ ಮೊದಲ ವಾರ ಯಾವ ಓಟದ ಸ್ಪರ್ಧೆಯೂ ಬೇಡ. ಎರಡು ಮೂರು ವಾರದ ಬಳಿಕ ಅನುಭವಿ ಓಟಗಾರರು ಹಾಫ್ ಮ್ಯಾರಥಾನನ್ನು ನಿಧಾನವಾಗಿ, ನಡೆದು ಓಡಿ ಮುಗಿಸಬಹುದು. ಆದರೆ ಆಗ ಸಮಯಕ್ಕಾಗಿ ಜಿದ್ದಿಗೆ ಬಿದ್ದು ಓಡುವುದು ಅಪಾಯ. ಇದರ ಹಿಂದಿನ ಕಾರಣ ಸರಳ: ಮೈಕೈ ನೋವು ಒಂದೇ ವಾರದಲ್ಲಿ ಹೋಗುತ್ತದೆ, ಒಳಗಿನ ದುರಸ್ತಿ ಮುಗಿಯಲು ಇನ್ನೂ ಹಲವು ವಾರ ಬೇಕು. ಎರಡರ ನಡುವಿನ ಈ ಅವಧಿಯಲ್ಲಿಯೇ ಊರಿನ ಹಾಫ್ ಮ್ಯಾರಥಾನ್ ಬರುವುದು.

42 ಕಿ.ಮೀ. ಓಟ ದೇಹಕ್ಕೆ ಏನು ಮಾಡುತ್ತದೆ?

ಒಂದು ಮ್ಯಾರಥಾನ್ ಮುಗಿಸಲು ಸುಮಾರು 40 ಸಾವಿರ ಹೆಜ್ಜೆ ಇಡಬೇಕು. ಓಡುವಾಗ ಪ್ರತಿ ಹೆಜ್ಜೆಯಲ್ಲೂ ನೆಲ ನಮ್ಮ ದೇಹದ ತೂಕದ ಎರಡರಿಂದ ಮೂರು ಪಟ್ಟು ಬಲವನ್ನು ಕಾಲಿಗೆ ವಾಪಸು ಕೊಡುತ್ತದೆ. 60 ಕಿಲೊ ತೂಕದವರ ಕಾಲು ಪ್ರತಿ ಸಲವೂ 120ರಿಂದ 180 ಕಿಲೊ ಭಾರ ತಡೆದಂತೆ ಆಯಿತು.

ಈ ಭಾರವನ್ನು ತಡೆಯುವಾಗ ತೊಡೆಯ ಮತ್ತು ಮೀನಖಂಡದ ಸ್ನಾಯುಗಳು ಒಂದು ವಿಚಿತ್ರ ಕೆಲಸ ಮಾಡುತ್ತವೆ. ಬಿಗಿಯಾಗಿರುವಾಗಲೇ ಉದ್ದಕ್ಕೆ ಎಳೆಯಲ್ಪಡುತ್ತವೆ. ಬ್ರೇಕ್ ಹಿಡಿದಿರುವ ಸೈಕಲ್ಲನ್ನು ಯಾರೋ ಮುಂದಕ್ಕೆ ತಳ್ಳಿದ ಹಾಗೆ. ಸ್ನಾಯುವಿನ ಸೂಕ್ಷ್ಮ ಎಳೆಗಳು ಹರಿಯುವುದು ಮುಖ್ಯವಾಗಿ ಇಂಥ ಎಳೆತದಿಂದಲೇ. ಮ್ಯಾರಥಾನ್ ಮರುದಿನ ಮೆಟ್ಟಿಲು ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ ಎನಿಸುವುದಕ್ಕೂ ಇದೇ ಕಾರಣ. ಇಳಿಯುವಾಗ ತೊಡೆಯ ಸ್ನಾಯು ಮತ್ತೆ ಬ್ರೇಕಿನ ಕೆಲಸ ಮಾಡಬೇಕು.

ಎಳೆ ಹರಿದ ಜಾಗಕ್ಕೆ ರೋಗನಿರೋಧಕ ಕಣಗಳು ಬರುತ್ತವೆ. ಕೆಟ್ಟದ್ದನ್ನು ತೆರವು ಮಾಡುತ್ತವೆ, ಆಮೇಲೆ ಹೊಸ ಎಳೆ ಕಟ್ಟುವ ಕೆಲಸ ನಡೆಯುತ್ತದೆ. ಊತ, ಬಿಗಿತ, ನೋವು ಈ ರಿಪೇರಿಯ ಭಾಗ. ಹಾಗಾಗಿ ನೋವು ಓಡಿದ ದಿನಕ್ಕಿಂತ ಮರುದಿನ, ಅದರ ಮರುದಿನ ಹೆಚ್ಚು. 24ರಿಂದ 72 ಗಂಟೆಯ ನಡುವೆ ತಾರಕಕ್ಕೇರಿ, ಐದಾರು ದಿನದಲ್ಲಿ ಬಹುತೇಕ ಇಳಿಯುತ್ತದೆ.

ನೋವು ಮೊದಲು ಹೋಗುತ್ತದೆ, ಗುಣ ಆಮೇಲೆ ಆಗುತ್ತದೆ

ನಮ್ಮಲ್ಲಿ ಬಹುತೇಕರು ಚೇತರಿಕೆಯನ್ನು ಅಳೆಯುವುದು ನೋವಿನಿಂದ. ಜ್ವರ ಬಿಟ್ಟಿತು ಎಂದರೆ ಕಾಯಿಲೆ ಹೋಯಿತು ಎನ್ನುವ ಹಾಗೆ. ಆದರೆ ದೇಹದ ಬೇರೆ ಬೇರೆ ಭಾಗಗಳು ಬೇರೆ ಬೇರೆ ವೇಗದಲ್ಲಿ ಗುಣವಾಗುತ್ತವೆ.

ಶಕ್ತಿಯ ಸಂಗ್ರಹ: ಸ್ನಾಯುಗಳಲ್ಲಿ ಸಕ್ಕರೆಯ ರೂಪದಲ್ಲಿ ಕೂಡಿಟ್ಟ ಗ್ಲೈಕೊಜನ್ ಮ್ಯಾರಥಾನ್‌ನಲ್ಲಿ ಹೆಚ್ಚುಕಡಿಮೆ ಬರಿದಾಗುತ್ತದೆ. ಸಾಮಾನ್ಯ ವ್ಯಾಯಾಮದ ಬಳಿಕ ಚೆನ್ನಾಗಿ ಅನ್ನ, ಮುದ್ದೆ, ಚಪಾತಿ ತಿಂದರೆ ಒಂದೆರಡು ದಿನದಲ್ಲಿ ಅದು ಮತ್ತೆ ತುಂಬುತ್ತದೆ. ಸ್ನಾಯುವಿಗೆ ಪೆಟ್ಟು ಬಿದ್ದಿದ್ದರೆ ತುಂಬಿಕೊಳ್ಳುವ ವೇಗ ಕಡಿಮೆ, ಒಂದು ವಾರವೂ ಹಿಡಿಯಬಹುದು.

ಸ್ನಾಯು: 1980ರ ದಶಕದ ಆರಂಭದಲ್ಲಿ ಅಮೆರಿಕದ ಸಂಶೋಧಕರು ಮ್ಯಾರಥಾನ್ ಓಟಗಾರರ ಮೀನಖಂಡದಿಂದ ಸಣ್ಣ ತುಣುಕು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಓಟ ಮುಗಿದು ಏಳು ದಿನವಾದರೂ ಹಾನಿಯ ಮತ್ತು ದುರಸ್ತಿಯ ಗುರುತುಗಳು ಕಾಣುತ್ತಿದ್ದವು. ಅದೇ ಕಾಲದ ಇನ್ನೊಂದು ಸಣ್ಣ ಅಧ್ಯಯನದಲ್ಲಿ, ಮ್ಯಾರಥಾನ್ ನಂತರದ ವಾರ ಓಟ ಮುಂದುವರಿಸಿದವರಿಗಿಂತ ವಿಶ್ರಾಂತಿ ಪಡೆದವರ ಕಾಲಿನ ಬಲ ಬೇಗ ಮರಳಿತ್ತು.

ಮೂಳೆ: ಜನ ಹೆಚ್ಚು ಮರೆಯುವುದು ಇದನ್ನೇ. ಮೂಳೆಯೂ ಜೀವಂತ ಅಂಗ. ಸತತವಾಗಿ ಪೆಟ್ಟು ಬಿದ್ದಾಗ ದೇಹ ಮೊದಲು ಸವೆದ ಭಾಗವನ್ನು ಕೆರೆದು ತೆಗೆಯುತ್ತದೆ, ಆಮೇಲೆ ಹೊಸದನ್ನು ತುಂಬುತ್ತದೆ. ಕೆರೆಯುವ ಕೆಲಸಕ್ಕೆ ಕೆಲವು ವಾರ ಸಾಕು, ಹೊಸ ಮೂಳೆ ಗಟ್ಟಿಯಾಗಲು ತಿಂಗಳುಗಳು ಬೇಕು. ರಸ್ತೆಯ ಹಳ್ಳ ಮುಚ್ಚಲು ಮೊದಲು ಅಗೆದು ದೊಡ್ಡದು ಮಾಡುತ್ತಾರಲ್ಲ, ಹಾಗೆ. ಅಗೆದಿಟ್ಟ ರಸ್ತೆಯ ಮೇಲೆ ಲಾರಿ ಓಡಿಸಿದರೆ ಏನಾಗುತ್ತದೋ, ಈ ಹೊತ್ತಿನಲ್ಲಿ ಜೋರಾಗಿ ಓಡಿದರೆ ಕಣಕಾಲಿನ ಅಥವಾ ಪಾದದ ಮೂಳೆಗೆ ಅದೇ ಆಗಬಹುದು. ಕೂದಲೆಳೆಯಷ್ಟು ಸಣ್ಣ ಬಿರುಕು ಬಿಡುತ್ತದೆ. ಇದನ್ನೇ ಸ್ಟ್ರೆಸ್ ಫ್ರ್ಯಾಕ್ಚರ್ ಎನ್ನುತ್ತಾರೆ. ಶುರುವಿನ ದಿನಗಳಲ್ಲಿ ಎಕ್ಸ್‌ರೇಯಲ್ಲಿ ಅದು ಕಾಣದೇ ಹೋಗುವುದು ಸಾಮಾನ್ಯ. ಮುಟ್ಟು ನಿಂತಿರುವ ಅಥವಾ ಏರುಪೇರಾಗಿರುವ, ಊಟ ಕಡಿಮೆ ಮಾಡಿ ಹೆಚ್ಚು ಓಡುವ ಮಹಿಳೆಯರಲ್ಲಿ ಇದರ ಅಪಾಯ ಇನ್ನೂ ಹೆಚ್ಚು.

ಟೆಂಡನ್: ಸ್ನಾಯುವನ್ನು ಮೂಳೆಗೆ ಕಟ್ಟಿಹಾಕುವ ಹುರಿಯೇ ಟೆಂಡನ್. ಹಿಮ್ಮಡಿಯ ಮೇಲೆ ಕೈಗೆ ಸಿಗುವ ದಪ್ಪ ಹುರಿ ಇದಕ್ಕೆ ಉದಾಹರಣೆ. ಇದಕ್ಕೆ ರಕ್ತದ ಪೂರೈಕೆ ಕಡಿಮೆ, ಆದ್ದರಿಂದ ಗುಣವಾಗುವುದೂ ನಿಧಾನ.

ಕಿಡ್ನಿ: 2015ರಲ್ಲಿ ಅಮೆರಿಕದ ಹಾರ್ಟ್‌ಫರ್ಡ್ ಮ್ಯಾರಥಾನ್ ಓಡಿದ 22 ಮಂದಿಯ ರಕ್ತ ಮತ್ತು ಮೂತ್ರವನ್ನು ಯೇಲ್ ವಿಶ್ವವಿದ್ಯಾಲಯದ ತಂಡ ಪರೀಕ್ಷಿಸಿತು. ಅವರಲ್ಲಿ ಶೇ 82ರಷ್ಟು ಮಂದಿಗೆ ಕಿಡ್ನಿಗೆ ತಾತ್ಕಾಲಿಕ ಪೆಟ್ಟು ಬಿದ್ದ ಲಕ್ಷಣ ಕಂಡಿತು. ಸಮಾಧಾನದ ಸಂಗತಿ ಎಂದರೆ ಎರಡು ದಿನದಲ್ಲಿ ಅದು ಸರಿಹೋಯಿತು.

ಹೃದಯ: ಹೃದಯಾಘಾತ ಪತ್ತೆಗೆ ನೋಡುವ ಟ್ರೊಪೋನಿನ್ ಎಂಬ ಅಂಶ ಮ್ಯಾರಥಾನ್ ಬಳಿಕ ಆರೋಗ್ಯವಂತರ ರಕ್ತದಲ್ಲೂ ಏರುತ್ತದೆ. ಹೆಚ್ಚಿನವರಲ್ಲಿ ಎರಡು ಮೂರು ದಿನದಲ್ಲಿ ಇಳಿಯುತ್ತದೆ.

ಇಲ್ಲೊಂದು ಉಪಯುಕ್ತ ಮಾತು. ಮ್ಯಾರಥಾನ್ ಆದ ವಾರದಲ್ಲಿ ಹೆಲ್ತ್ ಚೆಕಪ್ ಮಾಡಿಸಬೇಡಿ. ಸ್ನಾಯುವಿನಿಂದ ಸೋರಿದ ಅಂಶಗಳು ರಕ್ತದಲ್ಲಿ ಇರುವುದರಿಂದ ಸಿಪಿಕೆ, ಎಸ್‌ಜಿಒಟಿ, ಕ್ರಿಯಾಟಿನಿನ್ ಎಲ್ಲವೂ ಹೆಚ್ಚು ತೋರಿಸಬಹುದು. ‘ಲಿವರ್ ಕೆಟ್ಟಿದೆ, ಕಿಡ್ನಿ ಕೆಟ್ಟಿದೆ’ ಎಂದು ಮನೆಯವರೆಲ್ಲ ಗಾಬರಿ ಬೀಳುತ್ತೀರಿ. ತುರ್ತಾಗಿ ಮಾಡಿಸಲೇಬೇಕಾಗಿ ಬಂದರೆ ಓಡಿದ ವಿಷಯವನ್ನು ವೈದ್ಯರಿಗೆ ಮೊದಲು ಹೇಳಿ.

ಈಗ ಫಾರ್ವರ್ಡ್‌ಗಳ ಸರದಿ

ಹೇಳಿಕೆ 1: ‘ಕಾಲು ನೋವಿಗೆ ಲ್ಯಾಕ್ಟಿಕ್ ಆ್ಯಸಿಡ್ ಕಾರಣ. ಮತ್ತೆ ಓಡಿದರೆ ಅದು ಹೊರಹೋಗುತ್ತದೆ.’

ಸುಳ್ಳು. ಓಡುವಾಗ ಉಂಟಾಗುವ ಲ್ಯಾಕ್ಟೇಟ್ ಓಟ ನಿಂತ ಸುಮಾರು ಒಂದು ಗಂಟೆಯಲ್ಲಿ ರಕ್ತದಿಂದ ಇಳಿದುಹೋಗುತ್ತದೆ. ದೇಹ ಅದನ್ನು ಇಂಧನವಾಗಿ ಬಳಸಿಕೊಳ್ಳುತ್ತದೆ, ಅದು ಕಸವಲ್ಲ. ಎರಡನೇ ದಿನದ ನೋವಿಗೂ ಅದಕ್ಕೂ ಸಂಬಂಧವಿಲ್ಲ. ಆ ನೋವು ಹರಿದ ಎಳೆಗಳದ್ದು. ಸ್ವಲ್ಪ ನಡೆದಾಡಿದರೆ ಬಿಗಿತ ಸಡಿಲವಾಗಿ ಹಾಯೆನಿಸುವುದು ನಿಜ. ಅದಕ್ಕೆ ಮನೆಯ ಸುತ್ತ 20 ನಿಮಿಷದ ನಡಿಗೆ ಸಾಕು, 21 ಕಿ.ಮೀ. ಓಟ ಬೇಕಿಲ್ಲ.

ಹೇಳಿಕೆ 2: ‘ಓಟಕ್ಕೆ ಮುಂಚೆ ನೋವಿನ ಮಾತ್ರೆ ತೆಗೆದುಕೊಂಡರೆ ತೊಂದರೆ ಇಲ್ಲ.’

ಅಪಾಯಕಾರಿ ಸಲಹೆ. ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ಮಾತ್ರೆಗಳು ಕಿಡ್ನಿಗೆ ಹೋಗುವ ರಕ್ತದ ಹರಿವನ್ನು ಕಡಿಮೆ ಮಾಡಬಲ್ಲವು. ಓಡುವಾಗ ಬೆವರು ಹರಿದು, ರಕ್ತವೆಲ್ಲ ಕಾಲುಗಳತ್ತ ಹೋಗಿ, ಕಿಡ್ನಿಗೆ ಮೊದಲೇ ರಕ್ತ ಕಡಿಮೆ ಇರುತ್ತದೆ. 80 ಕಿ.ಮೀ. ಓಟವೊಂದರಲ್ಲಿ ನಡೆಸಿ 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಐಬುಪ್ರೊಫೆನ್ ತೆಗೆದುಕೊಂಡವರಲ್ಲಿ ಶೇ 52 ಮಂದಿಗೆ ಕಿಡ್ನಿಗೆ ಪೆಟ್ಟು ಬಿದ್ದಿತ್ತು. ಔಷಧವಿಲ್ಲದ ಹುಸಿ ಮಾತ್ರೆ ನುಂಗಿದವರಲ್ಲಿ ಈ ಪ್ರಮಾಣ ಶೇ 34. ಮೆಡಿಕಲ್ ಶಾಪ್‌ನಲ್ಲಿ ಸುಲಭವಾಗಿ ಸಿಗುವ ಕಾಂಬಿಫ್ಲಾಮ್‌ನಲ್ಲೂ ಐಬುಪ್ರೊಫೆನ್ ಇದೆ ಎಂಬುದು ಅನೇಕರಿಗೆ ಗೊತ್ತಿಲ್ಲ.

ಇನ್ನೊಂದು ತೊಂದರೆಯೂ ಇದೆ. ಮಾತ್ರೆ ಪೆಟ್ಟನ್ನು ವಾಸಿ ಮಾಡುವುದಿಲ್ಲ, ಪೆಟ್ಟಾಗಿದೆ ಎಂಬ ಸುದ್ದಿಯನ್ನು ಮಾತ್ರ ತಡೆಹಿಡಿಯುತ್ತದೆ. ಮೂಳೆಯಲ್ಲಿ ಬಿರುಕು ಶುರುವಾಗಿದ್ದರೆ ನಿಲ್ಲಿಸು ಎಂದು ಹೇಳುವುದು ನೋವೊಂದೇ. ಮಾತ್ರೆ ಇಲ್ಲದೆ ಓಡಲು ಆಗುವುದಿಲ್ಲ ಎಂದಾದರೆ ಆ ದಿನ ಓಡಬಾರದು ಎಂದೇ ಅರ್ಥ.

ಹೇಳಿಕೆ 3: ‘ಎಷ್ಟು ನೀರು ಕುಡಿದರೆ ಅಷ್ಟು ಬೇಗ ಚೇತರಿಕೆ.’

ಅರ್ಧ ಸತ್ಯ. ನೀರು ಬೇಕು, ಆದರೆ ಬಾಯಾರಿಕೆ ಮೀರಿ ಲೀಟರ್‌ಗಟ್ಟಲೆ ಕುಡಿದರೆ ರಕ್ತದಲ್ಲಿನ ಸೋಡಿಯಂ ತೆಳುವಾಗುತ್ತದೆ. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ ಪರೀಕ್ಷಿಸಿದ 488 ಓಟಗಾರರಲ್ಲಿ ಶೇ 13 ಮಂದಿಯ ಸೋಡಿಯಂ ಇರಬೇಕಾದ ಮಟ್ಟಕ್ಕಿಂತ ಕೆಳಗಿತ್ತು. ತೀವ್ರವಾದರೆ ತಲೆನೋವು, ವಾಂತಿ, ಗೊಂದಲ ಶುರುವಾಗಿ ಪ್ರಾಣಕ್ಕೇ ಕುತ್ತು ಬರಬಹುದು. ನೋವಿನ ಮಾತ್ರೆ ಈ ಅಪಾಯವನ್ನೂ ಹೆಚ್ಚಿಸಬಲ್ಲದು. ಬಾಯಾರಿದಾಗ ಕುಡಿಯಿರಿ. ಓಟದ ನಂತರ ಉಪ್ಪು ಹಾಕಿದ ಮಜ್ಜಿಗೆ, ಗಂಜಿ, ಸಾರು ಎಲ್ಲವೂ ಒಳ್ಳೆಯವೇ.

ಹೇಳಿಕೆ 4: ‘ಮ್ಯಾರಥಾನ್ ಓಡಿದರೆ ಹೃದಯ ಹಾಳು. ಮೊದಲ ಮ್ಯಾರಥಾನ್ ಓಡಿದವನೇ ಸತ್ತ.’

ಸತ್ತ ಓಟಗಾರನ ಕಥೆ ಎಲ್ಲರಿಗೂ ಗೊತ್ತು. ಮ್ಯಾರಥಾನ್ ಯುದ್ಧದ ಗೆಲುವಿನ ಸುದ್ದಿ ಹೊತ್ತು ಅಥೆನ್ಸ್‌ಗೆ ಓಡಿಬಂದು ಕುಸಿದು ಸತ್ತ ಎನ್ನುತ್ತಾರೆ. ಯುದ್ಧದ ಕಾಲಕ್ಕೆ ಹತ್ತಿರದಲ್ಲಿ ಬರೆದ ಹೆರೊಡೊಟಸ್ ಇದನ್ನು ಹೇಳುವುದೇ ಇಲ್ಲ. ಅವನ ಪ್ರಕಾರ ಓಟಗಾರ ಹೋದದ್ದು ಸ್ಪಾರ್ಟಾಗೆ, ಸೈನ್ಯದ ನೆರವು ಕೇಳಲು. ಓಡಿಬಂದು ಸತ್ತ ಕಥೆ ಕಾಣಿಸಿಕೊಳ್ಳುವುದು ಶತಮಾನಗಳ ನಂತರದ ಬರಹಗಳಲ್ಲಿ.

ಇಂದಿನ ಲೆಕ್ಕ ನೋಡೋಣ. ಅಮೆರಿಕದಲ್ಲಿ 2000ದಿಂದ 2010ರವರೆಗೆ ಮ್ಯಾರಥಾನ್ ಮತ್ತು ಹಾಫ್ ಮ್ಯಾರಥಾನ್ ಓಡಿದ ಸುಮಾರು 1 ಕೋಟಿ 9 ಲಕ್ಷ ಮಂದಿಯಲ್ಲಿ 59 ಮಂದಿಗೆ ಹೃದಯ ಸ್ತಂಭನವಾಗಿತ್ತು. ಅಂದರೆ 1 ಲಕ್ಷದ 84 ಸಾವಿರಕ್ಕೆ ಒಬ್ಬರು. ಅವರಲ್ಲಿ ಹಲವರಿಗೆ ಮೊದಲೇ ಗೊತ್ತಿಲ್ಲದ ಹೃದಯದ ತೊಂದರೆ ಇತ್ತು. ಆರೋಗ್ಯವಂತರಿಗೆ ಅಪಾಯ ತೀರಾ ಕಡಿಮೆ. ಆದರೆ ಕುಟುಂಬದಲ್ಲಿ ಚಿಕ್ಕ ವಯಸ್ಸಿನಲ್ಲೇ ಹೃದಯಾಘಾತವಾದವರಿದ್ದರೆ, ಬಿಪಿ, ಸಕ್ಕರೆ ಕಾಯಿಲೆ ಇದ್ದರೆ, ಓಡುವಾಗ ಎದೆ ಬಿಗಿದಂತಾದರೆ ತಪಾಸಣೆ ಮಾಡಿಸದೆ ಯಾವ ದೂರದ ಓಟಕ್ಕೂ ಇಳಿಯಬೇಡಿ.

ಹೇಳಿಕೆ 5: ‘ಸಣ್ಣ ಜ್ವರ, ನೆಗಡಿ ಇದ್ದರೆ ಓಡಿ ಬೆವರು ಹರಿಸಿ, ಬಿಟ್ಟುಹೋಗುತ್ತದೆ.’

ಇದನ್ನು ಮಾತ್ರ ದಯವಿಟ್ಟು ಯಾರಿಗೂ ಕಳುಹಿಸಬೇಡಿ. ಮ್ಯಾರಥಾನ್ ನಂತರದ ವಾರದಲ್ಲಿ ನೆಗಡಿ, ಗಂಟಲು ನೋವು ಬರುವುದು ಸಾಮಾನ್ಯ. 1987ರ ಲಾಸ್ ಏಂಜಲೀಸ್ ಮ್ಯಾರಥಾನ್ ಓಡಿದವರಲ್ಲಿ ಶೇ 12.9 ಮಂದಿ ಮುಂದಿನ ವಾರದಲ್ಲಿ ಅನಾರೋಗ್ಯ ಕಾಣಿಸಿಕೊಂಡಿತೆಂದು ಹೇಳಿದ್ದರು. ಅವರಂತೆಯೇ ತಯಾರಾಗಿದ್ದೂ ಅಂದು ಓಡದವರಲ್ಲಿ ಆ ಪ್ರಮಾಣ ಶೇ 2.2. ಓಟದಿಂದ ರೋಗನಿರೋಧಕ ಶಕ್ತಿ ಕುಗ್ಗುತ್ತದೆ ಎಂದು ಬಹುಕಾಲ ನಂಬಲಾಗಿತ್ತು. ಈಗ ಅನೇಕ ವಿಜ್ಞಾನಿಗಳು ಅದನ್ನು ಪೂರ್ತಿ ಒಪ್ಪುವುದಿಲ್ಲ. ಸಾವಿರಾರು ಜನರ ನೂಕುನುಗ್ಗಲು, ರೈಲು ಬಸ್ಸಿನ ಪ್ರಯಾಣ, ನಿದ್ದೆಗೇಡು ಇವೂ ಕಾರಣವಿರಬಹುದು ಎನ್ನುತ್ತಾರೆ.

ಕಾರಣ ಯಾವುದೇ ಇರಲಿ, ಜ್ವರ ಇದ್ದಾಗ ಓಡಬಾರದು. ಕೆಲವು ವೈರಸ್‌ಗಳು ಹೃದಯದ ಸ್ನಾಯುವಿಗೂ ಉರಿಯೂತ ತರುತ್ತವೆ. ಆಗ ಜೋರಾಗಿ ಓಡಿದರೆ ಹೃದಯದ ಬಡಿತ ತಾಳ ತಪ್ಪಿ ಸಾವು ಸಂಭವಿಸಬಹುದು. ಜ್ವರ, ಮೈಕೈ ನೋವು, ಎದೆಯಿಂದ ಬರುವ ಕೆಮ್ಮು ಇದ್ದರೆ ಹಾಫ್ ಮ್ಯಾರಥಾನ್ ಬಿಟ್ಟುಬಿಡಿ. ಇಲ್ಲಿ ಬೇರೆ ಲೆಕ್ಕಾಚಾರ ಬೇಡ.

ಹೇಳಿಕೆ 6: ‘ಎರಡು ವಾರ ಓಡದಿದ್ದರೆ ಆರು ತಿಂಗಳ ತರಬೇತಿ ನೀರುಪಾಲು.’

ಸುಳ್ಳು. ಚೆನ್ನಾಗಿ ತರಬೇತಿ ಪಡೆದವರು ಓಟವನ್ನು ಸಂಪೂರ್ಣ ನಿಲ್ಲಿಸಿದಾಗ ಏನಾಗುತ್ತದೆ ಎಂದು 1980ರ ದಶಕದಲ್ಲೇ ಅಳೆದಿದ್ದಾರೆ. ಮೊದಲ ಎರಡು ಮೂರು ವಾರದಲ್ಲಿ, ದೇಹ ಆಮ್ಲಜನಕ ಬಳಸಿಕೊಳ್ಳುವ ಗರಿಷ್ಠ ಸಾಮರ್ಥ್ಯ ಇಳಿದದ್ದು ಸುಮಾರು ಶೇ 7. ಮತ್ತೆ ಓಡಲು ಶುರು ಮಾಡಿದರೆ ಇದನ್ನು ಗಳಿಸಿಕೊಳ್ಳಬಹುದು. ಅದೇ ಕಣಕಾಲಿನಲ್ಲಿ ಬಿರುಕು ಬಿಟ್ಟರೆ ಆರರಿಂದ ಎಂಟು ವಾರ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ಓಡುವಂತಿಲ್ಲ.

‘ಹಾಗಾದರೆ ಕೆಲವರು ವಾರ ವಾರವೂ ಓಡುತ್ತಾರಲ್ಲ?’

ಈ ಪ್ರಶ್ನೆ ಬಂದೇ ಬರುತ್ತದೆ. ಜೊತೆಗೆ ಎಮಿಲ್ ಜಾಟೊಪೆಕ್ ಹೆಸರೂ ಬರುತ್ತದೆ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಅವರು ಎಂಟು ದಿನದೊಳಗೆ 10,000 ಮೀಟರ್, 5,000 ಮೀಟರ್ ಮತ್ತು ಮ್ಯಾರಥಾನ್ ಮೂರರಲ್ಲೂ ಚಿನ್ನ ಗೆದ್ದರು. ಆದರೆ ಅನುಕ್ರಮ ಗಮನಿಸಿ. ಮ್ಯಾರಥಾನ್ ಓಡಿದ್ದು ಕೊನೆಯಲ್ಲಿ. ಮ್ಯಾರಥಾನ್ ಆದ ಮೇಲೆ ಇನ್ನೊಂದು ಓಟ ಗೆದ್ದ ಉದಾಹರಣೆ ಇದಲ್ಲ.

ಜಪಾನಿನ ಯೂಕಿ ಕವಾವುಚಿ ಮಾತ್ರ ನಿಜವಾದ ಅಪವಾದ. ಸರ್ಕಾರಿ ನೌಕರಿ ಮಾಡುತ್ತಲೇ ಮೇಲಿಂದ ಮೇಲೆ ಮ್ಯಾರಥಾನ್ ಓಡುತ್ತಿದ್ದ ಅವರು 2018ರಲ್ಲಿ ಬಾಸ್ಟನ್ ಮ್ಯಾರಥಾನನ್ನೇ ಗೆದ್ದರು. ಇದರ ಹಿಂದೆ ಒಂದು ವಿಜ್ಞಾನವಿದೆ. ಒಮ್ಮೆ ಪೆಟ್ಟು ತಿಂದು ಗುಣವಾದ ಸ್ನಾಯು ಮುಂದಿನ ಸಲ ಅದೇ ಬಗೆಯ ಶ್ರಮಕ್ಕೆ ಅಷ್ಟು ಹಾನಿಗೊಳ್ಳುವುದಿಲ್ಲ. ವರ್ಷಗಟ್ಟಲೆ ಓಡಿದವರ ಕಾಲು ಬೇಗ ಸುಧಾರಿಸಿಕೊಳ್ಳಲು ಇದೂ ಒಂದು ಕಾರಣ. ಇನ್ನೊಂದೆಡೆ, ಎರಡು ಸಲ ಒಲಿಂಪಿಕ್ ಮ್ಯಾರಥಾನ್ ಚಿನ್ನ ಗೆದ್ದ ಎಲಿಯುಡ್ ಕಿಪ್‌ಚೋಗೆ ತಮ್ಮ ಉತ್ತುಂಗದ ವರ್ಷಗಳಲ್ಲಿ ಓಡುತ್ತಿದ್ದುದು ಸಾಮಾನ್ಯವಾಗಿ ವರ್ಷಕ್ಕೆ ಎರಡೇ ಮ್ಯಾರಥಾನ್.

ಇನ್ನೂ ಒಂದು ವಿಷಯ. ಮೂರು ವಾರದಲ್ಲಿ ಎರಡು ಪದಕ ಗೆದ್ದವರು ಫೋಟೊ ಹಾಕುತ್ತಾರೆ. ಎರಡನೇ ಓಟದಲ್ಲಿ ಮೂಳೆ ಬಿರುಕು ಬಿಟ್ಟು ಮನೆಯಲ್ಲಿ ಕೂತವರು ಫೋಟೊ ಹಾಕುವುದಿಲ್ಲ. ಗುಂಪಿನಲ್ಲಿ ಕಾಣುವುದು ಗೆದ್ದವರ ಲೆಕ್ಕ ಮಾತ್ರ.

ಎಷ್ಟು ದಿನ ಬಿಡುವು ಬೇಕು?

ಓಟಗಾರರ ನಡುವೆ ಒಂದು ಹಳೆಯ ಸೂತ್ರ ಓಡಾಡುತ್ತದೆ: ಓಡಿದ ಪ್ರತಿ ಮೈಲಿಗೆ ಒಂದು ದಿನ ಜೋರು ಓಟ ಬೇಡ. ಮ್ಯಾರಥಾನ್ ಎಂದರೆ 26 ಮೈಲಿ, ಹಾಗಾಗಿ 26 ದಿನ. 1974ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 41ನೇ ವಯಸ್ಸಿನಲ್ಲಿ ಮ್ಯಾರಥಾನ್ ಬೆಳ್ಳಿ ಗೆದ್ದ ನ್ಯೂಜಿಲೆಂಡಿನ ಜ್ಯಾಕ್ ಫಾಸ್ಟರ್ ಇದನ್ನು ಹೇಳಿದರು ಎನ್ನುತ್ತಾರೆ. ಇದು ಪ್ರಯೋಗಾಲಯದಲ್ಲಿ ಹುಟ್ಟಿದ ನಿಯಮವಲ್ಲ, ಅನುಭವದ ಮಾತು. ಆದರೂ ಮೇಲೆ ನೋಡಿದ ದುರಸ್ತಿಯ ವೇಗಕ್ಕೆ ಸರಿಸುಮಾರು ಹೊಂದುತ್ತದೆ.

ತರಬೇತುದಾರರು ಸಾಮಾನ್ಯವಾಗಿ ಹೇಳುವುದನ್ನು ಹೀಗೆ ಒಟ್ಟುಗೂಡಿಸಬಹುದು.

• 1ನೇ ವಾರ: ಓಟ ಬೇಡ. ನಡಿಗೆ, ಈಜು, ಚೆನ್ನಾಗಿ ಊಟ, ನಿದ್ದೆ. ಹಾಫ್ ಮ್ಯಾರಥಾನ್ ಈ ವಾರದಲ್ಲಿದ್ದರೆ ಚಪ್ಪಾಳೆ ತಟ್ಟಲು ಹೋಗಿ.

• 2ನೇ ವಾರ: ನೋವಿಲ್ಲದಿದ್ದರೆ ದಿನ ಬಿಟ್ಟು ದಿನ 20ರಿಂದ 40 ನಿಮಿಷ ನಿಧಾನದ ಓಟ. ಹಾಫ್ ಬಿಡುವುದೇ ಒಳ್ಳೆಯದು. 5 ಅಥವಾ 10 ಕಿ.ಮೀ. ವಿಭಾಗಕ್ಕೆ ಬದಲಿಸಿಕೊಡುತ್ತಾರೆಯೇ ಎಂದು ಆಯೋಜಕರನ್ನು ಕೇಳಿ.

• 3 ಮತ್ತು 4ನೇ ವಾರ: ಅನುಭವ ಇರುವವರು ಹಾಫ್ ಮ್ಯಾರಥಾನನ್ನು ಮಾತಾಡುತ್ತಾ ಓಡುವ ವೇಗದಲ್ಲಿ ಮುಗಿಸಬಹುದು. ಇದೇ ಮೊದಲ ಮ್ಯಾರಥಾನ್ ಆಗಿದ್ದರೆ, 50 ದಾಟಿದ್ದರೆ, ಹಿಂದೆ ಮೂಳೆ ಬಿರುಕು ಬಿಟ್ಟಿದ್ದರೆ ಬೇಡ.

• 5, 6ನೇ ವಾರದ ನಂತರ: ತರಬೇತಿ ಸರಾಗವಾಗಿ ನಡೆದಿದ್ದರೆ ಸಮಯ ನೋಡಿಕೊಂಡು ಓಡಬಹುದು.

ಓಡುವ ಮುನ್ನ ಮನೆಯಲ್ಲೇ ಮಾಡುವ ನಾಲ್ಕು ಪರೀಕ್ಷೆ

1. ಬೆಳಿಗ್ಗೆ ಏಳುವ ಮುನ್ನ ಹಾಸಿಗೆಯಲ್ಲೇ ನಾಡಿ ಎಣಿಸಿ. ನಿಮ್ಮ ಮಾಮೂಲಿ ಎಣಿಕೆಗಿಂತ ಹಲವು ದಿನ ಸತತವಾಗಿ ಹೆಚ್ಚಿದ್ದರೆ ದೇಹ ಇನ್ನೂ ಸುಧಾರಿಸಿಲ್ಲ ಎಂದು ತಿಳಿಯಿರಿ.

2. ಕಂಬಿ ಹಿಡಿಯದೆ ಎರಡು ಮಹಡಿ ಮೆಟ್ಟಿಲು ಇಳಿಯಿರಿ. ತೊಡೆ ನೋಯಬಾರದು.

3. ಒಂಟಿ ಕಾಲಲ್ಲಿ ಹತ್ತು ಸಲ ಕುಪ್ಪಳಿಸಿ. ಕುಂಟೆಬಿಲ್ಲೆ ಆಡಿದಂತೆ. ಮೂಳೆಯ ಒಂದೇ ಬಿಂದುವಿನಲ್ಲಿ ಚುಚ್ಚಿದಂತಾದರೆ ಅಲ್ಲಿಗೇ ನಿಲ್ಲಿಸಿ, ವೈದ್ಯರಿಗೆ ತೋರಿಸಿ.

4. ಓಟಕ್ಕೆ ನಾಲ್ಕೈದು ದಿನ ಮೊದಲು 8 ಕಿ.ಮೀ. ನಿಧಾನವಾಗಿ ಓಡಿ. ಓಡುವಾಗ ಕುಂಟು ಬಂದರೆ ಅಥವಾ ಮರುದಿನ ನೋವು ಹೆಚ್ಚಾದರೆ ಹಾಫ್ ಬೇಡ.

ನಾಲ್ಕರಲ್ಲೂ ಪಾಸಾದರೆ ಓಡಬಹುದು, ಆದರೆ ನಿಧಾನವಾಗಿ. ಜನಸಂದಣಿಯ ಹಿಂಭಾಗದಲ್ಲಿ ನಿಂತು ಹೊರಡಿ. ಪೂರ್ತಿ ವಾಕ್ಯ ಮಾತಾಡಲು ಆಗುವ ವೇಗ ಮೀರಬೇಡಿ. ಇಳಿಜಾರಿನಲ್ಲಿ ಓಟ ಬಿಟ್ಟು ನಡೆಯಿರಿ, ಏಕೆಂದರೆ ತೊಡೆಗೆ ಪೆಟ್ಟು ಬೀಳುವುದು ಅಲ್ಲೇ. ಕೈಗಡಿಯಾರದ ಅಲಾರಂ, ಹಳೆಯ ದಾಖಲೆ ಎಲ್ಲ ಆ ದಿನ ಮರೆತುಬಿಡಿ. ಫೆಬ್ರವರಿ, ಮಾರ್ಚ್‌ನಲ್ಲಿ ನಮ್ಮ ಕಡೆ ಎಂಟು ಗಂಟೆಗೆಲ್ಲ ಬಿಸಿಲು ಚುರುಗುಟ್ಟುತ್ತದೆ. ಹಾಗಾಗಿ ಟೋಪಿ ಇರಲಿ. ಅರ್ಧದಲ್ಲಿ ಬಿಡಬೇಕಾದರೆ ಮನೆಗೆ ಹೋಗಲು ಆಟೊಗೆ ಬೇಕಾದಷ್ಟು ಹಣವೂ ಜೇಬಿನಲ್ಲಿರಲಿ.

ಈ ಲಕ್ಷಣ ಕಂಡರೆ ತಡಮಾಡಬೇಡಿ

• ಎದೆ ನೋವು, ಎದೆ ಬಡಿತ ತಾಳ ತಪ್ಪುವುದು, ತಲೆಸುತ್ತಿ ಬೀಳುವುದು.

• ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗುವುದು ಅಥವಾ ತೀರಾ ಕಡಿಮೆಯಾಗುವುದು. ಸ್ನಾಯು ಒಡೆದು ಬಂದ ಅಂಶ ಕಿಡ್ನಿಯನ್ನು ಕಟ್ಟಿಹಾಕುತ್ತಿರಬಹುದು.

• ಒಂದೇ ಕಾಲಿನ ಮೀನಖಂಡ ಊದಿಕೊಂಡು ಬಿಸಿಯಾಗಿ ನೋಯುವುದು. ಓಟ ಮುಗಿಸಿ ರಾತ್ರಿಯಿಡೀ ಬಸ್ಸಿನಲ್ಲೋ ರೈಲಿನಲ್ಲೋ ಕಾಲು ಇಳಿಬಿಟ್ಟು ಕೂತು ಬಂದವರಿಗೆ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಇದೆ.

• ಮೂಳೆಯ ಒಂದೇ ಜಾಗದಲ್ಲಿ ಒತ್ತಿದರೆ ನೋವು, ರಾತ್ರಿ ಮಲಗಿದಾಗಲೂ ನೋವು.

• ಓಟದ ನಂತರ ಗೊಂದಲ, ತೊದಲು, ನಿಲ್ಲದ ವಾಂತಿ.

‘ಹಣ ಕಟ್ಟಿದ್ದೇನೆ, ಬಿಬ್ ಗೆಳೆಯನಿಗೆ ಕೊಡಲೇ?’

ನಿಮ್ಮ ಹೆಸರಿನ ಬಿಬ್ ಬೇರೆಯವರಿಗೆ ಕೊಡಬೇಡಿ. ಬಿಬ್ ಸಂಖ್ಯೆಗೆ ನಿಮ್ಮ ವಯಸ್ಸು, ರಕ್ತದ ಗುಂಪು, ಮನೆಯವರ ಫೋನ್ ನಂಬರ್ ಜೋಡಿಸಿರುತ್ತಾರೆ. ಗೆಳೆಯ ದಾರಿಯಲ್ಲಿ ಕುಸಿದುಬಿದ್ದರೆ ವೈದ್ಯರಿಗೆ ಸಿಗುವುದು ನಿಮ್ಮ ವಿವರ, ಫೋನ್ ಹೋಗುವುದು ನಿಮ್ಮ ಮನೆಗೆ. ಓಟವನ್ನು ಮುಂದಿನ ವರ್ಷಕ್ಕೆ ಬದಲಿಸಿಕೊಡುತ್ತಾರೆಯೇ ಕೇಳಿ ನೋಡಿ. ಆಗದಿದ್ದರೆ ಸ್ವಯಂಸೇವಕರಾಗಿ ನೀರು ಹಂಚಲು ನಿಲ್ಲಬಹುದು. ಕಟ್ಟಿದ ಹಣ ಓಡಿದರೂ ವಾಪಸು ಬರುವುದಿಲ್ಲ, ಓಡದಿದ್ದರೂ ಬರುವುದಿಲ್ಲ. ಅದನ್ನು ಲೆಕ್ಕದಿಂದ ತೆಗೆದುಹಾಕಿಯೇ ಓಡಬೇಕೋ ಬೇಡವೋ ಎಂದು ಯೋಚಿಸಿ.

ಗುಂಪಿಗೆ ಕಳುಹಿಸಲು

*ಮ್ಯಾರಥಾನ್ ಓಡಿ ಬಂದಿದ್ದೀರಾ? ನೋವು ಒಂದು ವಾರದಲ್ಲಿ ಹೋಗುತ್ತದೆ, ಮೂಳೆ ಮತ್ತು ಸ್ನಾಯು ಗುಣವಾಗಲು ಇನ್ನೂ ವಾರಗಳು ಬೇಕು. ಮೊದಲ ವಾರ ಓಟ ಬೇಡ. ಒಂದು ತಿಂಗಳೊಳಗೆ ಹಾಫ್ ಇದ್ದರೆ ನಿಧಾನವಾಗಿ ಮಾತ್ರ, ಅದೂ ಅನುಭವ ಇದ್ದರೆ. ನೋವಿನ ಮಾತ್ರೆ ನುಂಗಿ ಓಡಬೇಡಿ. ಜ್ವರ ಇದ್ದರೆ ಓಡಲೇಬೇಡಿ. ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ, ಎದೆ ನೋವು ಬಂದರೆ ಕೂಡಲೇ ಆಸ್ಪತ್ರೆಗೆ ಹೋಗಿ.*